ಪುಸ್ತಕದ ಕಪಾಟಿನ ಹಿಂದೆ ಒಂದು ಗವಿ

ಸಿನಿಮಾದ ಅಡಗುದಾಣಗಳಲ್ಲಿ ನೆನಪಿನಲ್ಲಿ ಉಳಿಯುವುದು ಒಳಗಿನ ಸಾಮಾನಲ್ಲ, ಬಾಗಿಲು. 1967ರ ಜೇಮ್ಸ್ ಬಾಂಡ್ ಚಿತ್ರ ‘ಯೂ ಓನ್ಲಿ ಲಿವ್ ಟ್ವೈಸ್’ನಲ್ಲಿ ರಾಕೆಟ್ಟೂ ಮೋನೋರೈಲೂ ಇದ್ದ ಅಷ್ಟು ದೊಡ್ಡ ಅಡ್ಡೆಯನ್ನು ಯೋಚಿಸಿದರೆ ಮೊದಲು ಕಣ್ಣಿಗೆ ಬರುವುದು ಜ್ವಾಲಾಮುಖಿಯ ಬಾಯಲ್ಲಿರುವ ಕೆರೆ. ನೋಡಿದರೆ ನೀರು, ಸರಿದರೆ ಚಾವಣಿ. ‘ಕಿಂಗ್ಸ್‌ಮನ್’ನಲ್ಲಿ ದರ್ಜಿ ಅಂಗಡಿಯ ಟ್ರಯಲ್ ರೂಮೇ ಲಿಫ್ಟ್ ಆಗಿ ಇಳಿಯುತ್ತದೆ. ‘ಮೆನ್ ಇನ್ ಬ್ಲ್ಯಾಕ್’ನವರ ಕಚೇರಿಯ ಹೆಬ್ಬಾಗಿಲು ನ್ಯೂಯಾರ್ಕ್‌ನ ಸುರಂಗ ರಸ್ತೆಗೆ ಗಾಳಿ ಕೊಡುವ ಒಂದು ಬೋಳು ಕಟ್ಟಡ. ಸಾಧಾರಣವಾದದ್ದು ಬಾಯಿ ತೆರೆದು ಅಸಾಧಾರಣವಾದದ್ದನ್ನು ತೋರಿಸುವ ಆ ಎರಡು ಸೆಕೆಂಡಿಗೇ ನಾವು ದುಡ್ಡು ಕೊಟ್ಟಿರುತ್ತೇವೆ.

ಆ ಎರಡು ಸೆಕೆಂಡು ಮನೆಯಲ್ಲೂ ಬೇಕು ಅನ್ನಿಸಿ ಕೈಹಾಕಿದ ಕೆಲಸ ಇದು. ಇದ್ದದ್ದು ಓದುವ ಕೋಣೆಗೆ ಅಂಟಿಕೊಂಡ ಒಂದು ಉಗ್ರಾಣ: ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಮೇಲೊಂದು ಗವಾಕ್ಷಿ. ಹಳೆಯ ಬಾಗಿಲನ್ನೂ ಅದರ ಕೀಲುಗಳನ್ನೂ ಬಿಚ್ಚಿದ ಮೇಲೆ ಚೌಕಟ್ಟಿನ ಒಳಗೆ 84 ಸೆಂ.ಮೀ. ಅಗಲದ ತೆರಪು ಸಿಕ್ಕಿತು. ಅಲ್ಲಿ ಪುಸ್ತಕದ ಕಪಾಟೊಂದು ನಿಲ್ಲಬೇಕು, ಅಕ್ಕಪಕ್ಕದ ಗೋಡೆಗೂ ಅದೇ ಥರದ ಕಪಾಟುಗಳು ಬರಬೇಕು, ನಡುವಿನದು ಮಾತ್ರ ತೆರೆಯಬೇಕು.

ಮೊದಲ ಪ್ರಶ್ನೆ, ಹೇಗೆ ತೆರೆಯುವುದು. ಸಿನಿಮಾಗಳು ಮೂರು ದಾರಿ ತೋರಿಸಿವೆ. ಒಂದು, ಪಕ್ಕಕ್ಕೆ ಸರಿಯುವುದು. 1966ರ ‘ಬ್ಯಾಟ್‌ಮನ್’ ಟಿವಿ ಸರಣಿಯ ಕಪಾಟು ಹಾಗೇ ಸರಿದು ಹಿಂದಿನ ಕಂಬಗಳನ್ನು ತೋರಿಸುತ್ತದೆ. ‘ಪ್ಯಾರಸೈಟ್’ನ ನೆಲಮಾಳಿಗೆಯ ಬಾಯಿ ಮುಚ್ಚಿದ ಕಪಾಟೂ ಸರಿಯುವಂಥದ್ದೇ. ಹಳೆಯ ಮನೆಗೆಲಸದಾಕೆ ಗೋಡೆಗೆ ಕಾಲು ಕೊಟ್ಟು ಗಾಳಿಯಲ್ಲಿ ಅಡ್ಡ ಮಲಗಿದಂತೆ ಅದನ್ನು ತಳ್ಳುವ ದೃಶ್ಯವನ್ನು ಮರಗೆಲಸ ಗೊತ್ತಿರುವವರು ನಗದೆ ನೋಡಲಾರರು. ಭಾರದ ಕಪಾಟು ಹಳಿಯಲ್ಲಿ ಸಿಕ್ಕಿಕೊಂಡರೆ ಆಗುವುದು ಹಾಗೆಯೇ. ಇದಕ್ಕೆ ಪಕ್ಕದಲ್ಲಿ ಕಪಾಟಿನಷ್ಟೇ ಅಗಲದ ಖಾಲಿ ಗೋಡೆ ಬೇಕು, ನನಗೆ ಆ ಜಾಗ ಇಲ್ಲ.

ಎರಡನೆಯದು ನಟ್ಟನಡುವಿನ ಗೂಟದ ಮೇಲೆ ಗಿರ್ರನೆ ತಿರುಗುವುದು. 1974ರ ‘ಯಂಗ್ ಫ್ರಾಂಕನ್‌ಸ್ಟೈನ್’ನಲ್ಲಿ ಮೇಣದಬತ್ತಿಯನ್ನು ಎತ್ತಿದರೆ ಕಪಾಟು ತಿರುಗುತ್ತದೆ, ಮನುಷ್ಯನನ್ನೂ ಸೇರಿಸಿಕೊಂಡು. 1989ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ತಿರುಗುವುದು ಬೆಂಕಿಗೂಡು. ನೋಡಲು ಇದಕ್ಕಿಂತ ಚೆನ್ನಾದದ್ದು ಇನ್ನೊಂದಿಲ್ಲ. ಭಾರವೂ ಎರಡೂ ಕಡೆ ಸಮನಾಗಿ ಹಂಚಿಹೋಗುವುದರಿಂದ ಗೂಟಕ್ಕೆ ಸುಖ. ಆದರೆ ಲೆಕ್ಕ ಹಾಕಿ ನೋಡಿ. 20 ಸೆಂ.ಮೀ. ಆಳದ ಕಪಾಟು ಅಡ್ಡವಾಗಿ ನಿಂತಾಗ 84ರಲ್ಲಿ 20 ಹೋಗಿ ಉಳಿದದ್ದು 64, ಅದೂ ಎರಡು ಭಾಗ. 32 ಸೆಂ.ಮೀ. ಸಂದಿಯಲ್ಲಿ ನುಸುಳಬೇಕು. ಸಿನಿಮಾದಲ್ಲಿ ಗೋಡೆಯನ್ನೇ ಅಗಲ ಮಾಡಿಕೊಳ್ಳುತ್ತಾರೆ.

ಹಾಗಾಗಿ ಮೂರನೆಯದು: ಮಾಮೂಲಿ ಬಾಗಿಲಿನಂತೆ ಒಂದು ಬದಿಯಲ್ಲಿ ಕೀಲು, ಓದುವ ಕೋಣೆಯ ಕಡೆಗೆ ತೆರೆಯುವುದು. ಇದರಲ್ಲೂ ಕಪಾಟಿನ ಆಳ ದಾರಿಯಲ್ಲೇ ಅಡ್ಡ ನಿಲ್ಲುತ್ತದೆ, ಆದರೆ ಕೀಲಿನ ಬದಿಯ ಒಂದು ಸೆಂ.ಮೀ. ಸಂದಿಯನ್ನೂ ಕಳೆದು 63 ಸೆಂ.ಮೀ. ಒಂದೇ ತುಂಡಾಗಿ ಸಿಗುತ್ತದೆ. ಒಬ್ಬರು ನೇರವಾಗಿ ನಡೆದುಹೋಗಬಹುದು.

ಈಗ ಮೂಲೆಯ ತಕರಾರು. ತೆಳ್ಳಗಿನ ಬಾಗಿಲಿಗೆ ಇಲ್ಲದ ಒಂದು ಕಾಟ ಪೆಟ್ಟಿಗೆಯಂಥ ಬಾಗಿಲಿಗೆ ಇದೆ: ಕೀಲಿನಿಂದ ದೂರದ ಹಿಂದಿನ ಮೂಲೆ ತೆರೆಯುವಾಗ ಇನ್ನಷ್ಟು ಆಚೆ ಹೋಗಿ ಚೌಕಟ್ಟಿಗೆ ಬಡಿಯುತ್ತದೆ. ನನ್ನ ಕಪಾಟು 80 ಸೆಂ.ಮೀ. ಅಗಲ, 20 ಆಳ, 205 ಎತ್ತರ. ತಿರುಗುವ ಬಿಂದುವನ್ನು ಮುಂದಿನಿಂದ ಎರಡು, ಬದಿಯಿಂದ ಎರಡು ಸೆಂ.ಮೀ. ಒಳಗೆ ಇಟ್ಟೆ. ಅಲ್ಲಿಂದ ಆ ಮೂಲೆಗೆ ಅಡ್ಡಡ್ಡ 78, ಹಿಂದಕ್ಕೆ 18. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ 80.05. ಅದಕ್ಕೆ ಬದಿಯ ಎರಡು ಸೇರಿ 82.05. ಅಂದರೆ ತೆರೆಯುವ ಬದಿಯಲ್ಲಿ ಎರಡು ಸೆಂ.ಮೀ.ಗಿಂತ ಚೂರು ಹೆಚ್ಚು ಸಂದಿ ಬೇಕೇ ಬೇಕು. ಕೀಲಿನ ಬದಿಯಲ್ಲಿ ಮುಂದಿನ ಮೂಲೆ ಹೊರಳುವಾಗ ಎಂಟು ಮಿ.ಮೀ. ಆಚೆ ಹೋಗುತ್ತದೆ. ಅಲ್ಲಿ ಒಂದು ಸೆಂ.ಮೀ., ಇಲ್ಲಿ ಮೂರು: 84 ಸರಿಹೋಯಿತು. ಆಳ 30 ಮಾಡುವ ಆಸೆ ಇದ್ದರೆ ಬಿಡಿ, ಅಥವಾ ಹಿಂದಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ.

ಕಾಗದದ ಮೇಲೆ ಮುಗಿದ ಲೆಕ್ಕವನ್ನು ನೆಲದ ಮೇಲೆ ರಟ್ಟಿನಲ್ಲಿ ಒಮ್ಮೆ ತಿರುಗಿಸಿ ನೋಡಿ. ಕಪಾಟಿನ ಅಡಿಯಷ್ಟೇ ಅಳತೆಯ ರಟ್ಟು ಕತ್ತರಿಸಿ, ತಿರುಗುವ ಬಿಂದುವಿಗೆ ಮೊಳೆ ಚುಚ್ಚಿ, ಚೌಕಟ್ಟಿನ ಗೆರೆ ಎಳೆದು ಹೊರಳಿಸಿದರೆ ಎಲ್ಲಿ ತಾಗುತ್ತದೆ ಎಂಬುದು ಯಾವ ಸೂತ್ರಕ್ಕಿಂತಲೂ ಬೇಗ ತಿಳಿಯುತ್ತದೆ.

ಭಾರದ ವಿಷಯ ಇನ್ನೂ ಮುಖ್ಯ. ಸಿನಿಮಾದಲ್ಲಿ ಕಪಾಟು ಹತ್ತಿಯಂತೆ ತೆರೆದುಕೊಳ್ಳುತ್ತದೆ. ಅಲ್ಲಿ ಸಾಲಾಗಿ ಕಾಣುವ ಪುಸ್ತಕಗಳು ಎಷ್ಟೋ ಸಲ ಬರೀ ಬೆನ್ನುಗಳು, ಹಿಂದೆ ಖಾಲಿ. ತಳ್ಳಲು ಕ್ಯಾಮೆರಾ ಆಚೆ ಆಳುಗಳು. ನನ್ನ ಪುಸ್ತಕಗಳನ್ನು ಒಂದು ಮೀಟರ್ ಉದ್ದಕ್ಕೆ ಜೋಡಿಸಿ ತೂಗಿದರೆ 28 ಕಿಲೋ ಬಂತು. ಐದು ಹಲಗೆ, ಒಂದೊಂದರಲ್ಲಿ 76 ಸೆಂ.ಮೀ. ಜಾಗ: ಒಟ್ಟು 3.8 ಮೀಟರ್, 106 ಕಿಲೋ ಪುಸ್ತಕ. 18 ಮಿ.ಮೀ. ಪ್ಲೈವುಡ್ಡಿನ ಕಪಾಟು ತಾನೇ 34 ಕಿಲೋ. ಒಟ್ಟು 140. ಇಷ್ಟು ಭಾರವನ್ನು ಪಕ್ಕದ ಚೌಕಟ್ಟಿಗೆ ಸ್ಕ್ರೂ ಹಾಕಿದ ಮಾಮೂಲಿ ಹಿಂಜ್‌ಗಳಿಗೆ ನೇತುಹಾಕಿದರೆ ಸ್ವಲ್ಪ ದಿನದಲ್ಲೇ ಸ್ಕ್ರೂಗಳು ಮರವನ್ನು ಸೀಳಿಕೊಂಡು ಹೊರಬರುತ್ತವೆ. ಅದಕ್ಕೇ ನೆಲದಲ್ಲೊಂದು, ಮೇಲೊಂದು ಪಿವಟ್, ಅಂದರೆ ಕಪಾಟು ತಿರುಗುವ ಗೂಟ. ಕೆಳಗಿನದರಲ್ಲಿ ಥ್ರಸ್ಟ್ ಬೇರಿಂಗ್ ಇದೆ, ಪೂರ್ತಿ 140 ಕಿಲೋ ಅದರ ತಲೆಯ ಮೇಲೆ. ಮೇಲಿನದಕ್ಕೆ ಭಾರ ಹೊರುವ ಕೆಲಸ ಇಲ್ಲ, ಕಪಾಟು ಮುಂದೆ ವಾಲದಂತೆ ಹಿಡಿದುಕೊಳ್ಳುವುದಷ್ಟೇ. ಎಷ್ಟು ಬಲದಿಂದ? ಭಾರದ ಕೇಂದ್ರ ಪಿವಟ್‌ನಿಂದ 38 ಸೆಂ.ಮೀ. ದೂರ, ಎರಡು ಪಿವಟ್‌ಗಳ ನಡುವೆ 205: 140ನ್ನು 38ರಿಂದ ಗುಣಿಸಿ 205ರಿಂದ ಭಾಗಿಸಿದರೆ ಸುಮಾರು 26 ಕಿಲೋ. ಹಗಲೂ ರಾತ್ರಿ ಅಷ್ಟು ಬಲ ಮೇಲಿನ ಪಿವಟ್ ಅನ್ನು ಅಡ್ಡಕ್ಕೆ ಎಳೆಯುತ್ತಿರುತ್ತದೆ. ಹಾಗಾಗಿ ಅದನ್ನು ಬರೀ ಚೌಕಟ್ಟಿನ ಮರಕ್ಕೆ ಬಿಡದೆ, ಹಿಂದಿನ ಕಾಂಕ್ರೀಟ್ ಲಿಂಟಲ್‌ಗೆ ಆಂಕರ್ ಬೋಲ್ಟ್ ಹೊಡೆದು ಉಕ್ಕಿನ ಪಟ್ಟಿಯ ಮೂಲಕ ಬಿಗಿಸಿದೆ. ಪಟ್ಟಿಯ ತೂತು ದುಂಡಗಿಲ್ಲ, ಉದ್ದುದ್ದ. ಕಾಲಕ್ರಮದಲ್ಲಿ ತುದಿ ಜಗ್ಗಿದರೆ ಬೋಲ್ಟ್ ಸಡಿಲಿಸಿ ಪಿವಟ್ ಅನ್ನು ಎರಡು ಮಿ.ಮೀ. ಹಿಂದೆ ಎಳೆದು ಮತ್ತೆ ಬಿಗಿಯಬಹುದು.

ಕಪಾಟು ಸ್ವತಃ ಜಗ್ಗದಿರಲು ಬೆನ್ನಿನ ಹಲಗೆ ಬೇಕು. 9 ಮಿ.ಮೀ. ಪ್ಲೈ, ಸುತ್ತಲೂ ಗೋಂದು, ಅಂಗೈ ಅಗಲಕ್ಕೊಂದು ಸ್ಕ್ರೂ. ಬೆನ್ನಿಲ್ಲದ ಕಪಾಟು ಒಂದು ಮೂಲೆಯಲ್ಲಿ ನಿಂತರೆ ಚೌಕ ಹೋಗಿ ವಜ್ರಾಕಾರಕ್ಕೆ ತಿರುಗುತ್ತದೆ, ಬೆನ್ನು ಅಂಟಿಸಿದರೆ ಆ ಮಾತೇ ಇಲ್ಲ. ಅಡಿಯ ಹಲಗೆಯನ್ನು ಎರಡು ಪದರ ಮಾಡಿ ಪಿವಟ್ ತಟ್ಟೆಯನ್ನು ಅದರಲ್ಲಿ ಉಳಿಯಿಂದ ಕೊರೆದು ಕೂರಿಸಿದೆ.

ಇಲ್ಲಿ ಅನೇಕರು ತೆರೆಯುವ ತುದಿಯ ಕೆಳಗೆ ಒಂದು ಗಾಲಿ ಕಟ್ಟಿಬಿಡುತ್ತಾರೆ. ಭಾರ ಹಂಚಿಹೋಗುತ್ತದೆ, ನಿಜ. ಆದರೆ ದಿನವೂ ಒಂದೇ ಹಾದಿಯಲ್ಲಿ ಉರುಳುವ ಗಾಲಿ ನೆಲದ ಮೇಲೆ ಚೊಕ್ಕವಾದ ಕಾಲುವೃತ್ತ ಬರೆದು ಇಡುತ್ತದೆ. ಪತ್ತೇದಾರಿ ಚಿತ್ರಗಳಲ್ಲಿ ನಾಯಕ ಬಗ್ಗಿ ನೆಲ ನೋಡಿ ಹುಬ್ಬೇರಿಸುವುದು ಅದನ್ನು ಕಂಡೇ. ಅಡಗುದಾಣವನ್ನು ಬಯಲು ಮಾಡುವುದು ಬೀಗವಲ್ಲ, ನೆಲ, ಬೆಳಕು, ಸದ್ದು. ಈ ಮೂರಕ್ಕೆ ನಾನು ಕೊಟ್ಟ ಸಮಯ ಉಳಿದ ಎಲ್ಲದಕ್ಕಿಂತ ಹೆಚ್ಚು.

ಗಾಲಿ ಬೇಡವೆಂದ ಮೇಲೆ ಕಪಾಟಿನ ಅಡಿಗೂ ನೆಲಕ್ಕೂ ನಡುವೆ ಎಂಟು ಮಿ.ಮೀ. ತೆರಪು ಬಿಟ್ಟೆ. ಮುಂದೆ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ಪಟ್ಟಿಯ ಕೆಳಅಂಚಿಗೆ ದಪ್ಪ ಉಣ್ಣೆ ಬಟ್ಟೆ ಅಂಟಿಸಿದ್ದರಿಂದ ನೆಲಕ್ಕೆ ತಾಗಿದರೂ ಗೀರು ಬೀಳುವುದಿಲ್ಲ. ಅಕ್ಕಪಕ್ಕದ ಸ್ಥಿರ ಕಪಾಟುಗಳಿಗೂ ಅದೇ ಪಟ್ಟಿ, ಅದೇ ಎತ್ತರ. ಇದು ಒಂದಕ್ಕೆ ಮಾತ್ರ ಇದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಹಳೆಯ ಹೊಸ್ತಿಲನ್ನು ಕಿತ್ತು ನೆಲ ಸಮ ಮಾಡಿದೆ. ಇದನ್ನು ಹೇಳುವಾಗ ಆಮ್ಸ್ಟರ್‌ಡ್ಯಾಮ್‌ನ ಆ ಕಪಾಟು ನೆನಪಾಗದೆ ಇರದು. 1942ರಲ್ಲಿ ನಾಜಿಗಳಿಗೆ ಹೆದರಿ ಆನ್ ಫ್ರಾಂಕ್ ಕುಟುಂಬ ಅಡಗಿದ್ದ ಹಿಂಭಾಗದ ಮನೆಯ ಬಾಗಿಲಿಗೆ ಕೀಲು ಹಾಕಿದ ಪುಸ್ತಕದ ಕಪಾಟನ್ನು ಕಟ್ಟಿದರು. ಕೆಳಗೆ ಇಳಿದು ಬರುವವರು ಬಗ್ಗಿ ಹಾರಬೇಕಿತ್ತು, ಮೊದಲ ಕೆಲವು ದಿನ ಎಲ್ಲರ ಹಣೆಗೂ ಬುಗುಟು ಎಂದು ಆ ಹುಡುಗಿ ಡೈರಿಯಲ್ಲಿ ಬರೆದಿದ್ದಾಳೆ. ಆಮೇಲೆ ಮೇಲಂಚಿಗೆ ಮರದ ಹೊಟ್ಟು ತುಂಬಿದ ಬಟ್ಟೆ ಹೊಡೆದರಂತೆ. ಅವರದು ಪ್ರಾಣದ ಪ್ರಶ್ನೆ, ನಮ್ಮದು ಆಟ. ಆದರೂ ತಲೆಗೂ ಕಾಲಿಗೂ ತಾಗುವ ಅಂಚುಗಳನ್ನು ಮೊದಲೇ ನೋಡಿಕೊಳ್ಳಬೇಕೆಂಬುದು ಎರಡಕ್ಕೂ ಒಂದೇ.

ಮುಂದಿನ ಬೀಡಿಂಗ್ ಪಟ್ಟಿಗಳಲ್ಲಿ ಒಂದು ಸೂಕ್ಷ್ಮ ಇದೆ. ತೆರೆಯುವ ಬದಿಯ ಮೂರು ಸೆಂ.ಮೀ. ಸಂದಿಯನ್ನು ಮುಚ್ಚುವ ಪಟ್ಟಿಯನ್ನು ಕಪಾಟಿಗೇ ಹೊಡೆಯಬೇಕು. ಕಪಾಟಿನ ಜೊತೆ ಅದೂ ಹೊರಗೆ ಬರುತ್ತದೆ. ಕೀಲಿನ ಬದಿಯದನ್ನು ಕಪಾಟಿಗೆ ಹೊಡೆದರೆ ಕಪಾಟು ತಿರುಗುವಾಗ ಪಟ್ಟಿ ಗೋಡೆಯೊಳಕ್ಕೆ ಹೋಗಬೇಕಾಗುತ್ತದೆ, ಹೋಗದು. ಅದನ್ನು ಗೋಡೆಗೆ ಹೊಡೆದು ಅದರ ಅಂಚು ಕಪಾಟಿನ ಅಂಚಿಗೆ ಚೂರು ಹಿಂದೆ ನಿಲ್ಲುವಂತೆ ರಂದ ಹಾಕಿ ಸವರಿದೆ. ಮೇಲಿನ ಪಟ್ಟಿಯೂ ಗೋಡೆಯದೇ, ಕಪಾಟಿನ ತಲೆಯಿಂದ ಐದು ಮಿ.ಮೀ. ಮೇಲೆ. ಎದುರು ನಿಂತು ನೋಡಿದರೆ ಮೂರೂ ಒಂದೇ ಚೌಕಟ್ಟಿನಂತೆ ಕಾಣುತ್ತವೆ. ಒಳ್ಳೆಯ ಗುಟ್ಟೆಂದರೆ ಇದು: ಸಂದಿ ಇಲ್ಲದಂತೆ ಮಾಡುವುದಲ್ಲ, ಪಕ್ಕದ ಕಪಾಟುಗಳಲ್ಲೂ ಅಂಥದ್ದೇ ಗೆರೆಗಳನ್ನು ಬೇಕೆಂದೇ ಬಿಡುವುದು. ಎಲ್ಲೆಲ್ಲೂ ಗೆರೆ ಇದ್ದಾಗ ಯಾವುದೂ ಗೆರೆಯಲ್ಲ.

ಬೆಳಕು ಬೇರೆ ಕಥೆ. ಹಗಲಲ್ಲಿ ಕಾಣದ ಸಂದಿ ರಾತ್ರಿ ಒಳಗೆ ದೀಪ ಹಾಕಿದೊಡನೆ ಹೊರಗಿನಿಂದ ಬಂಗಾರದ ದಾರದಂತೆ ಎದ್ದು ಕಾಣುತ್ತದೆ. ಕಪಾಟು ಹೊರಕ್ಕೆ ತೆರೆಯುವುದರಿಂದ ಅದರ ಬೆನ್ನ ಹಿಂದೆ, ಚೌಕಟ್ಟಿನ ಒಳಸುತ್ತಿಗೆ ತಡೆಪಟ್ಟಿ ಹೊಡೆಯಲು ಅಡ್ಡಿಯಿಲ್ಲ. ಮೂರು ಕಡೆ ಮರದ ತಡೆಪಟ್ಟಿ, ಅದರ ಮೇಲೆ ಟೊಳ್ಳು ರಬ್ಬರ್ ಗ್ಯಾಸ್ಕೆಟ್. ಕೆಳಗೆ ಬ್ರಷ್ ಪಟ್ಟಿ. ಸಂದಿಯ ಒಳಗೋಡೆಗಳಿಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ, ಇದನ್ನು ಮರೆಯಬಾರದು. ಬಿಳಿ ಪ್ರೈಮರ್ ಇದ್ದರೆ ಬೆಳಕು ಪುಟಿದು ಪುಟಿದು ಹೊರಗೆ ಬಂದೇ ಬರುತ್ತದೆ. ಪರೀಕ್ಷೆ ಸುಲಭ: ಒಬ್ಬರು ಒಳಗೆ ಟಾರ್ಚ್ ಹಿಡಿದು ಅಂಚುಗುಂಟ ನಿಧಾನ ಸಾಗಬೇಕು, ಇನ್ನೊಬ್ಬರು ಕತ್ತಲಲ್ಲಿ ಹೊರಗೆ ನಿಂತು ಕಂಡ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು.

ಸದ್ದಿಗೆ ಬೆನ್ನಿನ ಪ್ಲೈ ಹಿಂದೆ ಎರಡು ಪದರ ಫೆಲ್ಟ್ ಸಾಕಾಯಿತು. ಪುಸ್ತಕ ತುಂಬಿದ ಕಪಾಟೇ ಚೆನ್ನಾಗಿ ಸದ್ದು ನುಂಗುತ್ತದೆ.

ಇನ್ನು ಎಲ್ಲರೂ ಕೇಳುವ ಭಾಗ: ತೆರೆಯುವ ಗುಟ್ಟು. ಪುಸ್ತಕ ಎಳೆದರೆ ಬಾಗಿಲು ತೆರೆಯುವುದು ಎಷ್ಟು ಸಿನಿಮಾಗಳಲ್ಲಿ ಬಂದಿದೆಯೆಂದರೆ ಈಗ ಕಪಾಟಿನ ಮೇಲೆ ಸಂಶಯ ಬಂದವರು ಮೊದಲು ಮಾಡುವುದೇ ಪುಸ್ತಕಗಳನ್ನು ಎಳೆಯುವುದು. ಸಂಶಯ ಇಲ್ಲದವರೂ ಎಳೆಯುತ್ತಾರೆ, ಪುಸ್ತಕ ಇರುವುದೇ ಅದಕ್ಕೆ. ‘ಬ್ಯಾಟ್‌ಮನ್ ಬಿಗಿನ್ಸ್’ನಂತೆ ಪಿಯಾನೋ ಕೀಗಳನ್ನು ಒತ್ತುವುದು ಸೊಗಸು, ಆದರೆ ಪಿಯಾನೋ ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣತನದ್ದು 1966ರ ಸರಣಿಯ ಷೇಕ್ಸ್‌ಪಿಯರ್ ತಲೆ. ಟೆಲಿಫೋನ್ ಪಕ್ಕದ ಆ ಮೂರ್ತಿಯ ತಲೆಯನ್ನು ಹಿಂದಕ್ಕೆ ವಾಲಿಸಿದರೆ ಒಳಗೆ ಸ್ವಿಚ್ಚು. ಅದು ಇದ್ದದ್ದು ಮೇಜಿನ ಮೇಲೆ ಎಂಬುದನ್ನು ಗಮನಿಸಿ, ತೆರೆಯುವ ಕಪಾಟಿನ ಮೇಲಲ್ಲ. ಸ್ವಿಚ್ಚು ಬಾಗಿಲ ಮೇಲೆ ಇಲ್ಲದಿದ್ದರೆ ಎರಡು ಲಾಭ: ಬಾಗಿಲನ್ನು ತಡಕುವವನಿಗೆ ಅದು ಸಿಗುವುದಿಲ್ಲ, ತಿರುಗುವ ಕೀಲಿನಗುಂಟ ತಂತಿ ಎಳೆಯುವ ಕಷ್ಟವೂ ಇಲ್ಲ.

ಹಾಗಾಗಿ ನನ್ನ ಸ್ವಿಚ್ಚು ಪಕ್ಕದ ಸ್ಥಿರ ಕಪಾಟಿನ ಮೇಲಿನ ಮರದ ಗೂಬೆ. ಗೂಬೆಯ ಪೀಠ 8 ಸೆಂ.ಮೀ. ಅಗಲದ ಬಿಲ್ಲೆ. ಪೀಠದ ಅಡಿಯಲ್ಲಿ, ನಡುವಿನಿಂದ ಮೂರು ಸೆಂ.ಮೀ. ಆಚೆ, ಗುಂಡಿಯಷ್ಟು ದೊಡ್ಡ ನಿಯೋಡೈಮಿಯಮ್ ಮ್ಯಾಗ್ನೆಟ್ ಹುದುಗಿದೆ. ಗೂಬೆ ನಮ್ಮ ಕಡೆ ನೋಡುವಾಗ ಮ್ಯಾಗ್ನೆಟ್ ಮುಂದೆ ಇರುತ್ತದೆ. ಗೂಬೆಯನ್ನು ಗೋಡೆಯ ಕಡೆ ತಿರುಗಿಸಿದರೆ ಮ್ಯಾಗ್ನೆಟ್ ಆರು ಸೆಂ.ಮೀ. ಹಿಂದಕ್ಕೆ ಬಂದು, ಹಲಗೆಯ ಕೆಳಗಿನ, ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್‌ನ ನೆತ್ತಿಗೆ ನಿಲ್ಲುತ್ತದೆ. 18 ಮಿ.ಮೀ. ಹಲಗೆಯ ಮೂಲಕ ಇಷ್ಟು ಚಿಕ್ಕ ಮ್ಯಾಗ್ನೆಟ್‌ನ ಸೆಳೆತ ಸರಿಯಾಗಿ ಮುಟ್ಟದು. ಮರದಲ್ಲಿ ತೋಡು ಕೊರೆಯುವ ಯಂತ್ರ ರೂಟರ್‌ನಿಂದ ಕೆಳಗಡೆ ತೋಡು ತೆಗೆದು ಮೇಲೆ ನಾಲ್ಕು ಮಿ.ಮೀ. ಮಾತ್ರ ಉಳಿಸಿದೆ. ರೀಡ್ ಸ್ವಿಚ್ ಗಾಜಿನ ಕೊಳವೆ, ಬಗ್ಗಿಸುವಾಗ ಕಾಲನ್ನು ಗಾಜಿನ ಬುಡದಲ್ಲಿ ಹಿಡಿದು ಬಗ್ಗಿಸಿದರೆ ಟಕ್ ಎಂದು ಸೀಳುತ್ತದೆ. ಇಕ್ಕಳದಿಂದ ಬುಡವನ್ನು ಹಿಡಿದುಕೊಂಡು ಆಚೆಯ ತುದಿಯನ್ನು ಬೆರಳಿನಿಂದ ಬಗ್ಗಿಸಬೇಕು.

ಸುಮ್ಮನೆ ಎತ್ತಿದರೆ ಏನೂ ಆಗದು. ಧೂಳು ಒರೆಸುವವರು ಗೂಬೆಯನ್ನು ಎತ್ತಿ ಇಡುತ್ತಾರೆ, ಆದರೆ ಮುಖ ಹಿಂದಕ್ಕೆ ಮಾಡಿ ಯಾರೂ ಇಡುವುದಿಲ್ಲ. ಎತ್ತಿದಾಗ ತೆರೆಯುವ ಮೇಣದಬತ್ತಿಯ ಉಪಾಯವನ್ನು ಬಿಟ್ಟದ್ದು ಇದಕ್ಕೇ.

ಬಾಗಿಲನ್ನು ಹಿಡಿಯುವುದು 12 ವೋಲ್ಟಿನ ವಿದ್ಯುತ್ ಮ್ಯಾಗ್ನೆಟ್ ಲಾಕ್, 60 ಕಿಲೋ ಹಿಡಿತದ್ದು. ಮ್ಯಾಗ್ನೆಟ್ ಚೌಕಟ್ಟಿಗೆ, ಉಕ್ಕಿನ ತಟ್ಟೆ ಕಪಾಟಿನ ಬೆನ್ನಿಗೆ. ಚಲಿಸುವ ಭಾಗದಲ್ಲಿ ತಂತಿಯೇ ಇಲ್ಲ. ರೀಡ್ ಸ್ವಿಚ್ಚನ್ನು ನೇರವಾಗಿ ಲಾಕ್‌ಗೆ ಜೋಡಿಸಬೇಡಿ. ಲಾಕ್ ಒಳಗಿನ ತಂತಿ ಸುರುಳಿಯ ವಿದ್ಯುತ್ ಕಡಿಯುವಾಗ ಹಾರುವ ಕಿಡಿಗೆ ಅದರ ಸಣ್ಣ ನಾಲಗೆಗಳು ಬೆಸೆದುಕೊಂಡುಬಿಡುತ್ತವೆ. ರೀಡ್ ಒಂದು ಟೈಮರ್ ರಿಲೇಗೆ ಸೂಚನೆ ಕೊಡುತ್ತದೆ, ರಿಲೇ ಐದು ಸೆಕೆಂಡು ಲಾಕ್‌ನ ವಿದ್ಯುತ್ ಕಡಿಯುತ್ತದೆ, ಆಮೇಲೆ ಮತ್ತೆ ಕೊಡುತ್ತದೆ. ಲಾಕ್‌ನ ಎರಡು ತುದಿಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ, ಆ ಕಿಡಿಯನ್ನು ತಣಿಸಲು ಒಂದು ಡಯೋಡ್. ವಿದ್ಯುತ್ ಕಡಿದರೂ ಉಕ್ಕಿನಲ್ಲಿ ಚೂರು ಕಾಂತತ್ವ ಉಳಿದು ತಟ್ಟೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ತಡೆಪಟ್ಟಿಯಲ್ಲಿ ಸ್ಪ್ರಿಂಗ್ ಗುಂಡಿಯೊಂದನ್ನು ಕೂರಿಸಿದೆ, ಲಾಕ್ ಬಿಟ್ಟ ಕ್ಷಣ ಅದು ಕಪಾಟನ್ನು ಒಂದು ಸೆಂ.ಮೀ. ಮುಂದೆ ನೂಕುತ್ತದೆ. ಗೂಬೆಯನ್ನು ತಿರುಗಿಸಿದರೆ ಕಟ್ ಎಂಬ ಸಣ್ಣ ಸದ್ದು, ಗೋಡೆಯೇ ಒಂದು ಬೆರಳಷ್ಟು ಮುಂದೆ ಬರುತ್ತದೆ. ನಾನು ಹುಡುಕುತ್ತಿದ್ದ ಎರಡು ಸೆಕೆಂಡು ಇದೇ.

ಒಳಗೆ ಹೋಗಿ ಎಳೆದುಕೊಂಡರೆ ಐದು ಸೆಕೆಂಡಿನ ಬಳಿಕ ತಾನೇ ಹಿಡಿದುಕೊಳ್ಳುತ್ತದೆ. ಗೂಬೆ ಮಾತ್ರ ಗೋಡೆ ನೋಡುತ್ತಾ ಉಳಿಯುತ್ತದೆ, ಮನೆಯವರಿಗೆ ಅದೇ ಸೂಚನೆ: ಒಳಗೆ ಯಾರೋ ಇದ್ದಾರೆ.

ಇಲ್ಲಿ ಒಂದು ವಿಷಯದಲ್ಲಿ ಸಿನಿಮಾವನ್ನು ಅನುಸರಿಸಬಾರದು. ಹೊರಗೆ ಬರುವ ದಾರಿ ಗುಟ್ಟಾಗಿರಕೂಡದು. ಕರೆಂಟು ಹೋದರೆ ಹಿಡಿತ ಬಿಡುವ ಲಾಕ್ ಅನ್ನೇ ಆರಿಸಿದ್ದು ಆ ಕಾರಣಕ್ಕೆ. ಕರೆಂಟು ಹೋದಾಗ ಹಿಡಿದುಕೊಳ್ಳುವ ಬೋಲ್ಟ್ ಥರದವು ಬೇಡವೇ ಬೇಡ. ಒಳಗೆ ಎದೆಯೆತ್ತರದಲ್ಲಿ ಕೆಂಪು ಗುಂಡಿ, ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್ ಸಮೇತ. ಅದು ಟೈಮರ್ ಮೂಲಕ ಹೋಗುವುದಿಲ್ಲ, ಲಾಕ್‌ನ ತಂತಿಯನ್ನೇ ನೇರವಾಗಿ ಕಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಕೆಟ್ಟರೂ ಬಾಗಿಲು ತೆರೆಯುತ್ತದೆ. ಹೊರಗೆ ಕಪಾಟಿನ ಮುಂದೆ ಕುರ್ಚಿ, ಮೇಜು ಇಡುವಂತಿಲ್ಲ ಎಂಬುದು ಮನೆಯ ಕಾನೂನು. ಒಳಗೆ ಹೊಗೆ ಪತ್ತೆಯ ಅಲಾರಂ ಇದೆ. ಮಕ್ಕಳಿಗೆ ಕೆಂಪು ಗುಂಡಿಯನ್ನು ಮೊದಲು ತೋರಿಸಿ, ಗೂಬೆಯನ್ನು ಆಮೇಲೆ.

ಒಳಗೆ ಏನು ಮಾಡಬೇಕೆಂಬುದರಲ್ಲಿ ನನಗೆ ಗುರು ಕೆನ್ ಆಡಂ. 1921ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ವಿಮಾನ ಹಾರಿಸಿ, ಆಮೇಲೆ ಹಲವು ಬಾಂಡ್ ಖಳನಾಯಕರಿಗೆ ಮನೆ ಕಟ್ಟಿಕೊಟ್ಟ ಕಲಾ ನಿರ್ದೇಶಕ. ಮೇಲೆ ಹೇಳಿದ ಜ್ವಾಲಾಮುಖಿ ಅವರದೇ. ಪೈನ್‌ವುಡ್ ಸ್ಟುಡಿಯೋದ ಬಯಲಲ್ಲಿ ಸುಮಾರು 700 ಟನ್ ಉಕ್ಕಿನಲ್ಲಿ ಎದ್ದ ಆ ಸೆಟ್‌ಗೆ ಹತ್ತು ಲಕ್ಷ ಡಾಲರ್ ಹತ್ತಿರ ಖರ್ಚಾಯಿತು. ಐದು ವರ್ಷ ಹಿಂದೆ, 1962ರಲ್ಲಿ, ‘ಡಾಕ್ಟರ್ ನೋ’ ಪೂರ್ತಿ ಚಿತ್ರದ ಬಜೆಟ್ಟೇ ಹೆಚ್ಚುಕಡಿಮೆ ಅಷ್ಟಿತ್ತು. ಆದರೆ ನನಗೆ ಬೇಕಾದ ಪಾಠ ಇರುವುದು ಜ್ವಾಲಾಮುಖಿಯಲ್ಲಲ್ಲ, ‘ಡಾಕ್ಟರ್ ನೋ’ದ ಒಂದು ಚಿಕ್ಕ ದೃಶ್ಯದಲ್ಲಿ. ಕಾಣದ ಯಜಮಾನನ ದನಿ ಕೇಳಿ ಒಬ್ಬ ನಡುಗುವ ಆ ಕೋಣೆ ಬಹುಪಾಲು ಖಾಲಿ. ಒಂದು ಕುರ್ಚಿ, ಒಂದು ಮೇಜು, ಚಾವಣಿಯಲ್ಲಿ ದೊಡ್ಡ ದುಂಡು ಕಿಂಡಿ, ಅದಕ್ಕೆ ಜಾಲರಿ, ಜಾಲರಿಯ ನೆರಳು ಗೋಡೆ ನೆಲಗಳ ಮೇಲೆಲ್ಲ. ಕೈಯಲ್ಲಿ ಉಳಿದಿದ್ದ ಕೆಲವೇ ನೂರು ಪೌಂಡ್‌ಗಳಲ್ಲಿ ಅದನ್ನು ಮಾಡಿದರು. ಹತ್ತು ಲಕ್ಷದ ಜ್ವಾಲಾಮುಖಿಗಿಂತ ಅದು ಹೆಚ್ಚು ಹೆದರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯ ‘ಶೋಲೆ’ಯಲ್ಲಿ ಗಬ್ಬರ್‌ಗಾದರೋ ಕೋಣೆಯೂ ಇಲ್ಲ, ಬಾಗಿಲೂ ಇಲ್ಲ. ರಾಮನಗರದ ಬಂಡೆಗಳೇ ಸಾಕಾದವು.

ಹಾಗಾಗಿ ಥರ್ಮಕೋಲ್ ಬಂಡೆ, ಮಿಣುಕು ದೀಪಗಳ ಫಲಕ ಎಲ್ಲ ಬಿಟ್ಟೆ. ಗೋಡೆಗೆ ಗಾಢ ಬೂದು ಬಣ್ಣ, ಒಂದು ಕುರ್ಚಿ, ಗೋಡೆಗೆ ಮಡಚುವ ಮೇಜು, ಚಾವಣಿಯಿಂದ 30 ಸೆಂ.ಮೀ. ಕೆಳಗೆ ತೂಗುವ 40 ಸೆಂ.ಮೀ. ವ್ಯಾಸದ ದುಂಡು ಜಾಲರಿ. 9 ಮಿ.ಮೀ. ಪ್ಲೈನಲ್ಲಿ ಬಳೆ ಕತ್ತರಿಸಿ ಅದಕ್ಕೆ ಮೂರು ಸೆಂ.ಮೀ. ಅಗಲದ ಪಟ್ಟಿಗಳನ್ನು ಅಡ್ಡ ಉದ್ದ ಹೊಂದಿಸಿದೆ. ಕಪ್ಪು ಬಣ್ಣ. ಮೇಲೆ ದೀಪ.

ಈ ದೀಪದ ಆಯ್ಕೆಯಲ್ಲೇ ಎಲ್ಲ ಇರುವುದು. ಮಾಮೂಲಿ ಹಾಲುಬಣ್ಣದ ಎಲ್‌ಇಡಿ ಬಲ್ಬು ಹಾಕಿದರೆ ನೆಲದ ಮೇಲೆ ನೆರಳೇ ಬೀಳುವುದಿಲ್ಲ, ಬರೀ ಮಬ್ಬು. ಬಲ್ಬಿನ ಅಗಲ ಆರು ಸೆಂ.ಮೀ., ಅದರಿಂದ ಜಾಲರಿಗೆ 30, ಜಾಲರಿಯಿಂದ ನೆಲಕ್ಕೆ 210. ನೆರಳಿನ ಅಂಚು ಮಸುಕಾಗುವ ಅಗಲ ಎಂದರೆ 6 ಗುಣಿಸು 210 ಭಾಗಿಸು 30: 42 ಸೆಂ.ಮೀ. ಪಟ್ಟಿಯ ನೆರಳೇ 24 ಸೆಂ.ಮೀ. ಅಗಲ ಬೀಳುವ ಕಡೆ ಅಂಚು 42 ಮಸುಕಾದರೆ ಉಳಿಯುವುದೇನು? ಎಲ್‌ಇಡಿ ಸ್ಟ್ರಿಪ್ ಇನ್ನೂ ಕೆಟ್ಟದು. ಸಣ್ಣ ಎಲ್‌ಇಡಿಗಳನ್ನು ಒತ್ತೊತ್ತಾಗಿ ಕೂರಿಸಿದ, 9 ಮಿ.ಮೀ. ಅಗಲದ ಒಂದೇ ಸಿಓಬಿ ಚಿಪ್ ಅನ್ನು, ಮುಂದೆ ಗಾಜು, ಲೆನ್ಸ್ ಯಾವುದೂ ಇಲ್ಲದೆ ಹಾಕಿದಾಗ ಮಸುಕು ಆರು ಸೆಂ.ಮೀ. ಚಿಲ್ಲರೆಗೆ ಇಳಿಯಿತು. ನೆರಳು ನೆಲದಲ್ಲಿ ಹಿಡಿಸಲಾರದೆ ಗೋಡೆ ಹತ್ತಿತು. ಚಿಪ್ ಬಿಸಿಯಾಗುತ್ತದೆ, ಹಿಂದೆ ಅಲ್ಯುಮಿನಿಯಂ ಹೀಟ್ ಸಿಂಕ್ ಕಡ್ಡಾಯ, ಜಾಲರಿಯ ಮರಕ್ಕೆ ಅದು ತಾಗಬಾರದು. ಓದುವುದಕ್ಕೆ ಈ ಬೆಳಕು ಕೆಲಸಕ್ಕೆ ಬಾರದು, ಮೇಜಿನ ಮೇಲೆ ಬೇರೆ ದೀಪ ಇದೆ.

ಕೊನೆಯದು ಗಾಳಿ. ಸುತ್ತಲೂ ಗ್ಯಾಸ್ಕೆಟ್ ಹಾಕಿ ಬೆಳಕು ತಡೆದ ಮೇಲೆ ಗಾಳಿಯೂ ತಡೆದಂತಾಯಿತು. ಮೂರು ಚದರ ಮೀಟರ್ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಸೆಕೆ. ಗವಾಕ್ಷಿಗೆ 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಕೂರಿಸಿ ಗಾಳಿಯನ್ನು ಹೊರಕ್ಕೆ ಎಳೆಯುವಂತೆ ಮಾಡಿದೆ. ಒಳಬರುವ ಗಾಳಿಗೆ ಕಪಾಟಿನ ಅಡಿಯ ಬ್ರಷ್ ಪಟ್ಟಿಯೇ ದಾರಿ, ಅಲ್ಲಿ ಬೆಳಕು ಸೋರದು, ಗಾಳಿ ಸೋರುತ್ತದೆ. ಫ್ಯಾನಿಗೆ ಲಾಕ್‌ನ 12 ವೋಲ್ಟ್ ಅಡಾಪ್ಟರೇ ಸಾಲುತ್ತದೆ. ಆದರೆ ಪೂರ್ತಿ 12 ವೋಲ್ಟ್‌ನಲ್ಲಿ ಓಡಿದರೆ ಅದರ ಗುಂಯ್ ಸದ್ದು ಗವಾಕ್ಷಿಯ ಚೌಕಟ್ಟಿನ ಮೂಲಕ ಗೋಡೆಗೆ ಇಳಿದು ಓದುವ ಕೋಣೆಯಲ್ಲಿ ಕೇಳಿಸುತ್ತದೆ. ಅಷ್ಟೆಲ್ಲ ಮುಚ್ಚಿಟ್ಟ ಗುಟ್ಟನ್ನು ಒಂದು ಫ್ಯಾನು ಬಾಯಿಬಿಡುವುದು ಬೇಡವೆಂದು ನಾಲ್ಕು ಮೂಲೆಗೂ ರಬ್ಬರ್ ಗೂಟ ಕೊಟ್ಟು, ವೋಲ್ಟೇಜ್ ಇಳಿಸುವ ಸಣ್ಣ ಮಾಡ್ಯೂಲ್ ಹಾಕಿ 7 ವೋಲ್ಟ್‌ಗೆ ತಂದೆ. ಈಗ ಸದ್ದು ಕೇಳಬೇಕಾದರೆ ಗವಾಕ್ಷಿಗೆ ಕಿವಿ ಇಡಬೇಕು. ಕೆಲವು ಫ್ಯಾನುಗಳು 7 ವೋಲ್ಟ್‌ನಲ್ಲಿ ತಾವಾಗಿ ತಿರುಗಲು ಶುರುಮಾಡುವುದಿಲ್ಲ. ಕೊಳ್ಳುವ ಮುಂಚೆ ಅದರ ಚೀಟಿಯಲ್ಲಿ ಆರಂಭದ ವೋಲ್ಟೇಜ್ ಎಷ್ಟು ಎಂದು ನೋಡಿಕೊಳ್ಳಿ.